ಪಾಲಾಗದ ಓಟು

೧೯೭೧ರ ಲೋಕಸಭಾ ಚುನಾವಣೆಯ ಹೊತ್ತಿಗೆ ಜೋಡೆತ್ತಿನ ಪಕ್ಷ ಒಡೆದು ಎರಡಾಗಿತ್ತು. ಜೋಡೆತ್ತು ಇಬ್ಬರಿಗೂ ದಕ್ಕಲಿಲ್ಲ. ಒಂದು ಬಣಕ್ಕೆ ಚರಕ ತಿರುಗಿಸುವ ಹೆಂಗಸು, ಇನ್ನೊಂದಕ್ಕೆ ಹಸು-ಕರು ಗುರುತು ಸಿಕ್ಕಿತು. ಅನುಗೊಂಡನಹಳ್ಳಿ ಹೋಬಳಿಯ ಕಾರೆಕಟ್ಟೆಯವರು ಅಲ್ಲಿಯವರೆಗೆ ಒಬ್ಬರೂ ಬಿಡದೆ ಜೋಡೆತ್ತಿಗೇ ಒತ್ತಿದವರು. ಇನ್ನು ಯಾರು ಯಾವ ಕಡೆ ಎಂಬ ಪ್ರಶ್ನೆ ಅರಳಿಕಟ್ಟೆಗೆ ಬಂತು. ಬೈಲಪ್ಪನವರಿಗೆ ಅದು ಕಷ್ಟವೆನಿಸಲಿಲ್ಲ. ಅಣ್ಣತಮ್ಮಂದಿರು ಬೇರೆಯಾದಾಗ ಆಸ್ತಿ ಪಾಲು ಮಾಡಿಕೊಡುತ್ತಿದ್ದವರು ಅವರೇ.

"ಮನೆ ಒಡೆದ್ರೆ ಹೊಲ, ದನ, ಪಾತ್ರೆ ಎಲ್ಲಾ ಪಾಲಾಗ್ತವೆ. ಪಾರ್ಟಿ ಒಡೆದ್ಮೇಲೆ ಓಟೂ ಪಾಲಾಗ್ಬೇಕಲ್ವೇನ್ರಪ್ಪಾ?"

ಹಿರಿಯವನು ಪಾಲು ಮಾಡಬೇಕು, ಕಿರಿಯವನು ಮೊದಲು ಆರಿಸಿಕೊಳ್ಳಬೇಕು ಎಂಬುದು ಪದ್ಧತಿ. ಚರಕದ ಕಡೆಯ ಅಪ್ಪಯ್ಯಣ್ಣ ಊರಿನ ಓಟುಗಳನ್ನು ಎರಡು ಪಾಲು ಮಾಡಿದ. ಹಸು-ಕರುವಿನ ಕಡೆಯ ಅವನ ತಮ್ಮ ವೆಂಕಟರಾಯಪ್ಪ ಒಂದನ್ನು ಆರಿಸಿಕೊಂಡ. ಒಂದು ಪಾಲಿನಲ್ಲಿ ಕೆಮ್ಮುವ ಮುದುಕರು ಎಷ್ಟಿದ್ದರೋ ಇನ್ನೊಂದರಲ್ಲೂ ಅಷ್ಟೇ ಇದ್ದರು. ಸಂಜೀವಪ್ಪನ ಮನೆಯಲ್ಲಿ ಗಂಡ ಚರಕಕ್ಕೆ ಹೋದ, ಹೆಂಡತಿ ಹಸುವಿಗೆ ಹೋದಳು. ಯಾರೂ ತಕರಾರು ಮಾಡಲಿಲ್ಲ. ಪಾಲಿಗೆ ಬಂದ ಎಮ್ಮೆಯೂ ತಕರಾರು ಮಾಡುವುದಿಲ್ಲ.

ಆದರೆ ಊರಿನ ಓಟುಗಳ ಸಂಖ್ಯೆ ಬೆಸವಾಗಿತ್ತು. ಕೊನೆಗೆ ಒಬ್ಬಳು ಉಳಿದಳು. ಊರ ಅಂಚಿನ ಸೋರುವ ಹೆಂಚಿನ ಮನೆಯಲ್ಲಿ ಒಂಟಿಯಾಗಿದ್ದ ವಿಧವೆ ಸೊಣ್ಣಮ್ಮ.

"ಬಾವಿ ಪಾಲಾಗಲ್ಲ, ಸರದಿ ಇಡ್ತೀವಿ. ಇವಳ ಓಟೂ ಹಂಗೇ," ಎಂದರು ಬೈಲಪ್ಪ. "ಈ ಸಲ ದೊಡ್ಡೋನಿಗೆ, ಮುಂದಿನ ಸಲ ಚಿಕ್ಕೋನಿಗೆ."

ವೆಂಕಟರಾಯಪ್ಪ ಎದ್ದು ನಿಂತ. "ಅದೆಂಗಾಯ್ತದೆ? ಅವನ ಪಾಲಿಗೂ ನನ್ನ ಪಾಲಿಗೂ ವಜಾ ಆಗೋಯ್ತು. ಇಡೀ ಊರಲ್ಲಿ ಲೆಕ್ಕಕ್ಕೆ ಉಳಿಯೋದು ಇವಳೊಬ್ಬಳ ಓಟು!"

ಮಾತು ನಿಜವಾಗಿತ್ತು. ಬೈಲಪ್ಪ ತೀರ್ಪು ತಿದ್ದಿದರು. ಬಾವಿಯ ನೀರಿನಂತೆ ಬೆಳಿಗ್ಗೆ ಅಣ್ಣನಿಗೆ, ಮಧ್ಯಾಹ್ನದ ಮೇಲೆ ತಮ್ಮನಿಗೆ. ಯಾರ ಸರದಿಯಲ್ಲಿ ಸೊಣ್ಣಮ್ಮ ಬೂತಿಗೆ ಬರುತ್ತಾಳೋ ಓಟು ಅವರದು.

"ನನ್ನೊಂದು ಮಾತು ಕೇಳ್ದ್ರಾ?" ಎಂದಳು ಕಟ್ಟೆಯ ಪಕ್ಕದಲ್ಲೇ ನಿಂತಿದ್ದ ಸೊಣ್ಣಮ್ಮ. "ನನ್ನ ಓಟು ನಾನೇ ಹಾಕ್ಕೋತೀನಿ."

"ಬಾವೀನ ಯಾರಾದ್ರೂ ಕೇಳ್ತಾರೇನಕ್ಕಾ?" ಎಂದ ಅಪ್ಪಯ್ಯಣ್ಣ. ಕಟ್ಟೆಯೆಲ್ಲ ನಕ್ಕಿತು.

ಸೊಣ್ಣಮ್ಮ ನಗಲಿಲ್ಲ. "ಆಯ್ತು, ನಾನು ಬಾವೀನೇ. ಜಂಟಿ ಬಾವಿ ಹೂಳು ಎತ್ಸೋದು, ಕಟ್ಟೆ ರಿಪೇರಿ ಮಾಡ್ಸೋದು ಯಾರು ಬೈಲಪ್ಪಾ?"

"ಇಬ್ರೂ ಸೇರಿ," ಎಂದುಬಿಟ್ಟರು ಬೈಲಪ್ಪ. ಪದ್ಧತಿ ಅದೇ ಆಗಿತ್ತು.

ಹೀಗೆ ಅವಳ ಮಾಡಿನ ಮೂಡಣ ಇಳಿಜಾರಿಗೆ ಅಣ್ಣ, ಪಡುವಣ ಇಳಿಜಾರಿಗೆ ತಮ್ಮ ಹೊಸ ಹೆಂಚು ಹೊದಿಸಿದರು. ಎರಡೂ ಸೇರುವ ನೆತ್ತಿಯನ್ನು ಮಾತ್ರ ಇಬ್ಬರೂ ಬಿಟ್ಟರು. ಅದು ಯಾರ ಪಾಲೆಂದು ತೀರ್ಮಾನವಾಗಿರಲಿಲ್ಲ. ಒಲೆಯ ಮುಂದೆ ಕೂತರೆ ಆಕಾಶದ ಒಂದು ಪಟ್ಟಿ ಕಾಣುತ್ತಿತ್ತು.

ಮತದಾನದ ದಿನ ಬೆಳಿಗ್ಗೆ ಅಪ್ಪಯ್ಯಣ್ಣ ಗಾಡಿ ಕಟ್ಟಿಕೊಂಡು ಬಂದ.

"ಬಾರಕ್ಕಾ, ಬೂತಿಗೆ ಹೊತ್ತಾಯ್ತು."

"ನೆತ್ತಿ ಮುಚ್ಚದೆ ಬಾವಿ ಎಲ್ಲಿಗೂ ಬರಲ್ಲ ಕಣಪ್ಪ."

ಸರದಿ ಮುಗಿದುಹೋಗುವ ಭಯದಲ್ಲಿ ಅವನು ಏಣಿ ಹಾಕಿ ಸೂರು ಹತ್ತಿದ. ಸುದ್ದಿ ತಿಳಿದು ಓಡಿಬಂದ ವೆಂಕಟರಾಯಪ್ಪ ಅದೇ ಏಣಿಯಲ್ಲಿ ಹತ್ತಿ ಇನ್ನೊಂದು ತುದಿಯಿಂದ ಹೆಂಚು ಜೋಡಿಸತೊಡಗಿದ. ನೆತ್ತಿ ಪೂರ್ತಿ ಅಣ್ಣನೇ ಮುಚ್ಚಿದರೆ ಓಟು ಅವನ ಕಡೆ ವಾಲೀತು ಎಂಬ ಅಂಜಿಕೆ ಅವನಿಗೆ. ಮಧ್ಯಾಹ್ನ ದಾಟುವ ಹೊತ್ತಿಗೆ ನಡುವೆ ಒಂದೇ ಹೆಂಚಿನ ಜಾಗ ಉಳಿಯಿತು.

"ಅದು ನಂದು ಕಣೋ, ಕೈ ತೆಗಿ!"

"ನಿನ್ ಸರದಿ ಮುಗೀತು, ನೀನ್ ಇಳಿ ಮೊದ್ಲು!"

ಇಬ್ಬರೂ ಒಂದೇ ಹೆಂಚನ್ನು ಹಿಡಿದು ಕೂತರು. ಯಾರು ಬಿಟ್ಟರೂ ಇನ್ನೊಬ್ಬನದಾಗುತ್ತಿತ್ತು. ಸೊಣ್ಣಮ್ಮ ಒಳಗಿನಿಂದ ಸ್ವಲ್ಪ ಹೊತ್ತು ಕೇಳಿಸಿಕೊಂಡಳು. ಆಮೇಲೆ ಹೊರಗೆ ಬಂದು ಏಣಿ ತೆಗೆದು ಗೋಡೆಯುದ್ದಕ್ಕೆ ಮಲಗಿಸಿ, ಸೆರಗು ಸರಿಮಾಡಿಕೊಂಡು ಬೂತಿನ ಕಡೆ ನಡೆದಳು. ಮೇಲಿನಿಂದ ಕೂಗಿದ್ದು ಯಾರಿಗೂ ಕೇಳಲಿಲ್ಲ. ಊರೆಲ್ಲ ಬೂತಿನಲ್ಲಿತ್ತು.

ಮತದಾನ ಮುಗಿದ ಮೇಲೆ ಅವಳು ತಿರುಗಿ ಬಂದಳು. ಹಿಂದೆಯೇ ಬೈಲಪ್ಪ, ಅವರ ಹಿಂದೆ ಅರ್ಧ ಊರು. ಅಣ್ಣತಮ್ಮಂದಿರು ಇನ್ನೂ ಮೇಲೆಯೇ ಇದ್ದರು, ಹೆಂಚು ಕೈಯಲ್ಲೇ ಇತ್ತು.

"ನಮ್ಮಿಬ್ರ ಓಟೂ ಹೋಯ್ತಲ್ಲ ಬೈಲಪ್ಪಾ! ಇದು ನ್ಯಾಯಾನಾ?"

ಬೈಲಪ್ಪ ಬೆರಳು ಮಡಚಿ ಲೆಕ್ಕ ಹಾಕಿದರು. "ಇವನ ಪಾಲಲ್ಲಿ ಒಂದು ಹೋಯ್ತು, ಅವನ ಪಾಲಲ್ಲೂ ಒಂದು ಹೋಯ್ತು. ಪಾಲು ಸಮ. ಅನ್ಯಾಯ ಎಲ್ಲೈತೆ?"

"ಇವಳು ಯಾರಿಗೆ ಒತ್ತಿದ್ಲು, ಅದನ್ನಾದ್ರೂ ಕೇಳಿ!" ಎಂದು ಇಬ್ಬರೂ ಒಟ್ಟಿಗೆ ಕೂಗಿದರು.

ಸೊಣ್ಣಮ್ಮ ಏಣಿ ಎತ್ತಿದಳು, ಆದರೆ ಸೂರಿಗೆ ಒರಗಿಸಲಿಲ್ಲ.

"ಮೊದ್ಲು ಆ ಹೆಂಚು ಕೂರ್ಸಿ," ಎಂದಳು. "ಆಮೇಲೆ, ಬಾವೀನ ಯಾರಾದ್ರೂ ಕೇಳ್ತಾರೇನಪ್ಪಾ?"