ಗಡಿಯಾರದ ಮಾವ ಉಂಗುರ ಬಿಚ್ಚಿಟ್ಟದ್ದು

ನಮ್ಮ ಬೀದಿಗೆ ಬೆಳಗಾಗುತ್ತಿದ್ದದ್ದು ಕೋಳಿ ಕೂಗಿ ಅಲ್ಲ, ಗಡಿಯಾರದ ಮಾವನ ಕಾರನ್ನು ತಳ್ಳಿ. ಇಪ್ಪತ್ತೆರಡು ವರ್ಷದ ಕಾರು. ಹಾಲಿಗೆ ಹೊರಟವರು, ಹಲ್ಲುಜ್ಜುತ್ತ ನಿಂತವರು, ಎಲ್ಲರೂ ಒಂದೊಂದು ಕೈ ಕೊಡಬೇಕು. ಮೂಲೆಯ ತನಕ ತಳ್ಳಿದರೆ ಎರಡು ಸಲ ಕೆಮ್ಮಿ, ಕರಿ ಹೊಗೆ ಉಗುಳಿ ಹೊರಡುತ್ತಿತ್ತು. ಸಂಜೆ ಅದು ಹೊಗೆ ಬಿಡುತ್ತಲೇ ಶೆಡ್ಡಿಗೆ ಮರಳಿದರೆ, ಆಮೇಲೆ ಅರ್ಧ ಗಂಟೆ ಮಾವನ ಹೆಂಡತಿ, ನಮ್ಮ ಅತ್ತೆ, ಕೆಮ್ಮುತ್ತಿದ್ದರು. ಕಾರಿನ ಶೆಡ್ಡಿಗೂ ಅವರ ಅಡುಗೆಮನೆಗೂ ನಡುವೆ ಇದ್ದದ್ದು ಒಂದೇ ಕಿಟಕಿ.

ಒಂದು ದಿನ ಎಷ್ಟು ತಳ್ಳಿದರೂ ಕಾರು ಹೊರಡಲಿಲ್ಲ. ಮೆಕ್ಯಾನಿಕ್ ಬಂದು ನೋಡಿ, "ಇಂಜಿನ್ ಮುಗೀತು. ಗುಜರಿಗೆ ಹಾಕಿಬಿಡಿ" ಅಂದ.

"ಮಗಳನ್ನ ಆಸ್ಪತ್ರೆಯಿಂದ ಮನೆಗೆ ಕರ್ಕೊಂಡು ಬಂದ ಗಾಡಿ ಇದು," ಎಂದರು ಮಾವ. "ಮುಳ್ಳು ನಿಂತ್ರೆ ಒಳಗಿನ ಯಂತ್ರ ಬದಲಾಯಿಸ್ತೀವಿ. ಗಡಿಯಾರಾನೇ ಬಿಸಾಕ್ತೀವಾ?"

ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರ ಮಾತು ಅದು. ಎದುರುಮನೆಯ ಕರೆಂಟಕ್ಕನಿಗೆ ಆ ಮಾತು ಹಿಡಿಸಿತು. ಆಕೆ ವಿದ್ಯುತ್ ವಾಹನಗಳ ರಿಪೇರಿಯಲ್ಲಿ ತರಬೇತಿ ಪಡೆದವಳು. ಪೆಟ್ರೋಲ್ ಇಂಜಿನ್ ಜಾಗದಲ್ಲಿ ಕೂರಿಸಲು, ಈ ಕಾರಿಗೆಂದೇ ಸರ್ಕಾರದ ಒಪ್ಪಿಗೆ ಪಡೆದ ಮೋಟಾರು, ಬ್ಯಾಟರಿಗಳ ಸೆಟ್ಟನ್ನು ಆಕೆಯೇ ಹುಡುಕಿ ಕೊಟ್ಟಳು. "ಇಂಜಿನ್ ಇಳ್ಸೋದು, ಉಜ್ಜೋದು, ಬಣ್ಣ ಹೊಡೆಯೋದು ಎಲ್ಲಾ ನೀವೇ ಮಾಡಿ ಮಾವ. ಪೆಟ್ರೋಲ್ ಟ್ಯಾಂಕ್ ಮೆಕ್ಯಾನಿಕ್ ಬಿಚ್ಲಿ. ಬ್ಯಾಟರಿಗೆ ಮಾತ್ರ ನಾನು ಬರೋ ತನಕ ಕೈ ಹಾಕ್ಬೇಡಿ."

ಎರಡು ತಿಂಗಳು ಶೆಡ್ಡಿನಲ್ಲಿ ತಪಸ್ಸು ನಡೆಯಿತು. ಬಿಚ್ಚಿದ ಒಂದೊಂದು ಬೋಲ್ಟೂ ಚೀಟಿ ಅಂಟಿಸಿಕೊಂಡು ಡಬ್ಬಿ ಸೇರಿತು. ಅತ್ತೆಗೆ ಮಾತ್ರ ಅನುಮಾನ. "ಕರೆಂಟು ಅಂದ್ರೆ ಕೆಂಡ. ಅದರ ಮೇಲೆ ಕೂತ್ಕೊಂಡು ಊರು ಸುತ್ತೋದಾ?"

"ಕ್ರಮವಾಗಿ ಕಟ್ಟಿದ್ರೆ ಒಲೇಲಿರೋ ಕೆಂಡ ಅತ್ತೆ," ಎಂದಳು ಕರೆಂಟಕ್ಕ. "ಒಲೆ ಬಿಟ್ಟು ಹೊರಗೆ ಬಿದ್ರೆ ಮಾತ್ರ ಸುಡುತ್ತೆ."

ಬ್ಯಾಟರಿ ಬಂತು. ಕರೆಂಟಕ್ಕ ಬರುವುದು ಭಾನುವಾರ. ಶುಕ್ರವಾರ ಮಧ್ಯಾಹ್ನ ಅತ್ತೆ ಹೊಲಿಗೆ ಕ್ಲಾಸಿಗೆ ಹೋಗಿದ್ದರು. ಮಾವನ ಬೆರಳು ಸುಮ್ಮನಿರಲಿಲ್ಲ. ಬ್ಯಾಟರಿ ಪೆಟ್ಟಿಗೆಯ ಮುಚ್ಚಳ ತೆಗೆದರು, ಬರಿಗೈಯಲ್ಲಿ ಸ್ಪ್ಯಾನರ್ ಹಿಡಿದು ಮಂಡಿಯೂರಿದರು. ಊಟಕ್ಕೆ ಮನೆಗೆ ಬಂದಿದ್ದ ಕರೆಂಟಕ್ಕ ಅರೆ ಮುಚ್ಚಿದ ಶೆಡ್ಡಿನ ಬಾಗಿಲು ನೋಡಿ ಒಳಗೆ ಬಂದಳು. ಮೆಲುದನಿಯಲ್ಲೇ ಹೇಳಿದಳು.

"ಮಾವ, ಕೈ ಹಿಂದಕ್ಕೆ ತಗೊಳ್ಳಿ. ನಿಧಾನ. ಏನನ್ನೂ ಮುಟ್ಟದ ಹಾಗೆ."

ಮಾವ ಹಿಂದೆ ಸರಿದು ನಕ್ಕರು. "ಕಾರು ಆಫ್ ಆಗಿದ್ಯಲ್ಲಮ್ಮ. ಎಷ್ಟು ಬ್ಯಾಟರಿ ಕಂಡಿಲ್ಲ ನಾನು? ನಾಲಿಗೆ ತುದಿಗೆ ಇಟ್ಟು ಹೇಳ್ತೀನಿ, ಸೆಲ್ಲು ಬದುಕಿದ್ಯೋ ಸತ್ತಿದ್ಯೋ ಅಂತ."

"ಇದನ್ನ ನಾಲಿಗೆಗೆ ಇಟ್ರೆ ಬದುಕಿದೆ ಅಂತ ಖಂಡಿತ ಗೊತ್ತಾಗುತ್ತೆ. ಹೇಳೋಕೆ ನೀವಿರಲ್ಲ." ಆಕೆ ಪಕ್ಕದಲ್ಲೇ ಕುಳಿತಳು. "ಸ್ವಿಚ್ ಇರೋದು ಕಾರಿಗೆ. ಬ್ಯಾಟರಿ ಒಳಗೆ ಯಾವಾಗಲೂ ಜೀವ ಇರುತ್ತೆ. ನೂರು ಸೆಲ್ಲು ಕೈ ಕೈ ಹಿಡ್ಕೊಂಡು ನಿಂತಿವೆ. ನಡುವೆ ನೀವು ಸಿಕ್ಕಿದ್ರೆ, ನೂರರ ಪೆಟ್ಟೂ ಒಟ್ಟಿಗೆ ಬೀಳುತ್ತೆ. ಕೈಗವಸು ಎಲ್ಲಿ?"

"ಅದನ್ನ ಹಾಕ್ಕೊಂಡ್ರೆ ಬೆರಳಿನ ಕಣ್ಣು ಕಟ್ಟಿದ ಹಾಗಾಗುತ್ತೆ."

ಕರೆಂಟಕ್ಕ ಚೀಲದಿಂದ ಒಂದು ಹಳೆಯ ಸ್ಪ್ಯಾನರ್ ತೆಗೆದು ಅವರ ಅಂಗೈಗಿಟ್ಟಳು. "ಕಲಿಯೋವಾಗ ನನ್ನ ಕೈ ಜಾರಿ ಇದು ಬ್ಯಾಟರಿಯ ಎರಡು ತುದಿಗೂ ಒಟ್ಟಿಗೆ ತಗುಲಿತು. ರೆಪ್ಪೆ ಬಡಿಯೋಷ್ಟು ಹೊತ್ತು. ಅವತ್ತು ಕೈಗವಸು ಇತ್ತು, ಅದಕ್ಕೇ ಈ ಕೈ ಇದೆ."

ಮಾವ ಕಣ್ಣಿಗೆ ಗಡಿಯಾರ ನೋಡುವ ಭೂತಗನ್ನಡಿ ಸಿಕ್ಕಿಸಿಕೊಂಡರು. ಗಟ್ಟಿ ಉಕ್ಕು. ಅದರ ನಡುವೆ, ಇಲಿ ಬೆಲ್ಲ ಕಚ್ಚಿದ ಹಾಗೆ, ಒಂದು ತುತ್ತು ಇರಲಿಲ್ಲ. ಅಂಚು ಮೇಣದಂತೆ ಕರಗಿ ಹೆಪ್ಪುಗಟ್ಟಿತ್ತು. ಬಹಳ ಹೊತ್ತು ನೋಡಿದರು. "ಇದೂ ಲೋಹಾನೇ ಅಲ್ವಾ," ಎನ್ನುತ್ತ ಬೆರಳಿನ ಮದುವೆ ಉಂಗುರವನ್ನು ಮೆಲ್ಲಗೆ ತಿರುಗಿಸತೊಡಗಿದರು. ಮೂವತ್ತೊಂದು ವರ್ಷದಿಂದ ಬಿಚ್ಚದ ಉಂಗುರ. ಬೆರಳೇ ಅದರ ಸುತ್ತ ಬೆಳೆದಿತ್ತು.

ಅಷ್ಟರಲ್ಲಿ ಅತ್ತೆ ಬಂದು ಬಾಗಿಲಲ್ಲಿ ನಿಂತಿದ್ದರು. ಉಕ್ಕಿನ ತುಂಡನ್ನೂ ಗಂಡನ ಬೆರಳನ್ನೂ ನೋಡಿದರು. ಸಾಬೂನು ತಂದು, ಮಗುವಿನ ಕೈ ತೊಳೆಯುವಂತೆ ಹಿಡಿದು, ತಿರುವಿ ತಿರುವಿ ಉಂಗುರ ತೆಗೆದರು.

"ಹಾಕಿದ್ದೂ ನೀನೇ, ತೆಗೆದದ್ದೂ ನೀನೇ," ಎಂದರು ಮಾವ.

"ಕಾರು ಪರೀಕ್ಷೆ ಪಾಸಾಗೋವರೆಗೂ ಇದು ನನ್ನ ಹತ್ರ," ಎಂದು ಅತ್ತೆ ಅದನ್ನು ಸೆರಗಿನ ತುದಿಗೆ ಗಂಟು ಹಾಕಿದರು.

ಭಾನುವಾರ ಕೆಲಸ ಕ್ರಮವಾಗಿ ನಡೆಯಿತು. ಕರೆಂಟಕ್ಕ ರಬ್ಬರ್ ಕೈಗವಸಿನಲ್ಲಿ ಗಾಳಿ ಹಿಡಿದು, ತೂತಿಲ್ಲವೆಂದು ನೋಡಿಯೇ ತೊಟ್ಟಳು. ಬ್ಯಾಟರಿಯನ್ನು ಬೇರ್ಪಡಿಸುವ ಪ್ಲಗ್ ಕಿತ್ತು ಜೇಬಿಗಿಟ್ಟಳು. "ಈಗ ಸೆಟ್ಟಿನ ಜೊತೆ ಬಂದ ಪುಸ್ತಕದಲ್ಲಿ ಬರೆದಷ್ಟು ನಿಮಿಷ ಕಾಯ್ಬೇಕು. ಪ್ಲಗ್ ಕಿತ್ರೂ ಮೋಟಾರು ನಡೆಸೋ ಪೆಟ್ಟಿಗೇಲಿ ಕರೆಂಟು ಸ್ವಲ್ಪ ಹೊತ್ತು ಉಳ್ಕೊಂಡಿರುತ್ತೆ."

"ಕಾಯೋದು ನನಗೆ ಬಿಡು," ಎಂದು ಮಾವ ಗಡಿಯಾರ ಹಿಡಿದು ನಿಂತರು. ಸಮಯವಾದ ಮೇಲೂ ಮೀಟರ್ ಇಟ್ಟು ಸೊನ್ನೆ ನೋಡಿಯೇ ಆಕೆ ಕೈ ಹಾಕಿದಳು.

"ನನಗೇನು ಕೆಲಸ?" ಎಂದರು ಅತ್ತೆ.

"ನೋಡ್ತಾ ನಿಲ್ಲೋದು. ಒಬ್ಬರೇ ಮಾಡೋ ಕೆಲಸ ಅಲ್ಲ ಇದು. ಏನಾದ್ರೂ ಆದ್ರೆ ನಮ್ಮನ್ನ ಮುಟ್ಬೇಡಿ, ಮೊದಲು ಆಂಬ್ಯುಲೆನ್ಸಿಗೆ ಫೋನ್ ಮಾಡಿ."

ಸಾರಿಗೆ ಕಚೇರಿಯ ತಪಾಸಣೆಗೆ ಹೋದ ಕಾರು ಮೊದಲ ಸಲ ವಾಪಸು ಬಂತು. ಬ್ಯಾಟರಿಯ ಭಾರಕ್ಕೆ ಹಿಂಭಾಗ ಕುಸಿದಿದೆ, ಸ್ಪ್ರಿಂಗ್ ಬದಲಾಯಿಸಿ, ಬ್ರೇಕ್ ಸರಿಮಾಡಿ ಅಂದರು ಅಲ್ಲಿನವರು. ಮಾವನ ಮುಖ ಸಪ್ಪಗಾಯಿತು. ಅತ್ತೆ ಸೆರಗಿನ ಗಂಟು ಮುಟ್ಟಿ ನೋಡಿಕೊಂಡರಷ್ಟೇ. ಎರಡನೆಯ ಸಲ ಪಾಸಾಯಿತು, ಕಾಗದ ಕೈಗೆ ಬಂತು.

ಮರುದಿನ ಬೆಳಿಗ್ಗೆ ಅತ್ತೆ ಮುಂದಿನ ಸೀಟಿನಲ್ಲಿ ಕುಳಿತು, ಗಂಟು ಬಿಚ್ಚಿ, ಗಂಡನ ಬೆರಳಿಗೆ ಉಂಗುರ ತೊಡಿಸಿದರು. ಬೀದಿಯವರು ಎಂದಿನಂತೆ ಹಲ್ಲುಜ್ಜುತ್ತ ಬಂದು ಹಿಂದೆ ಕೈಯಿಟ್ಟರು. ಅವರು ತಳ್ಳುವ ಮೊದಲೇ ಕಾರು ಸದ್ದಿಲ್ಲದೆ ಜಾರಿಹೋಯಿತು. ಎಲ್ಲರ ಕೈಯೂ ಗಾಳಿಯಲ್ಲೇ ಉಳಿಯಿತು. ಅಡುಗೆಮನೆಯ ಕಿಟಕಿ ತೆರೆದೇ ಇತ್ತು.

ಇದನ್ನು ಓದುತ್ತಿರುವ ಅಣ್ಣ, ಅಕ್ಕ, ನಿಮ್ಮ ಅಂಗಳದಲ್ಲೂ ಹಳೆಯ ಕಾರೊಂದು ಕೆಮ್ಮುತ್ತ ನಿಂತಿರಬಹುದು. ಅದಕ್ಕೆ ಹೊಸ ಜೀವ ಕೊಡಿ. ಒಪ್ಪಿಗೆ ಪಡೆದ ಸೆಟ್ಟನ್ನೇ ತನ್ನಿ, ಬ್ಯಾಟರಿಯ ಕೆಲಸವನ್ನು ಬಲ್ಲವರಿಗೇ ಬಿಡಿ, ತಪಾಸಣೆಯಾಗದೆ ರಸ್ತೆಗಿಳಿಸಬೇಡಿ. ಕಾರಿಗೆ ಬಿಡಿಭಾಗ ಎಲ್ಲಿಯಾದರೂ ಸಿಕ್ಕೀತು. ದೇವರು ಕೊಟ್ಟ ಕೈಗೆ ಸಿಗುವುದಿಲ್ಲ. ಕೆಲಸಕ್ಕೆ ಕೂರುವ ಮುನ್ನ ಉಂಗುರ ಬಿಚ್ಚಿ, ಅದನ್ನು ಮತ್ತೆ ತೊಡಿಸುವವರ ಕೈಗೆ ಕೊಟ್ಟು ಬನ್ನಿ.