ಬೇರೆ ಯಾವ ಇಂಜೆಕ್ಷನ್ನೂ ಇಲ್ಲ

ಒಂದು ಟ್ಯೂಬ್‌ಲೈಟು, ಆಮೇಲೆ ಒಂದಿಷ್ಟು ಕತ್ತಲೆ, ಆಮೇಲೆ ಇನ್ನೊಂದು ಟ್ಯೂಬ್‌ಲೈಟು, ಅದರ ಗಾಜಿನ ಹೊದಿಕೆಯೊಳಗೆ ಯಾವತ್ತೋ ಸತ್ತ ನೊಣಗಳು, ಮಲಗಿಕೊಂಡು ಹೋಗುವವರಿಗೆ ಮಾತ್ರ ಕಾಣುವ ಆಸ್ಪತ್ರೆ ಇದು, ನಡೆದು ಹೋಗುವವರು ನೋಡುವುದು ಬೇರೆ ಆಸ್ಪತ್ರೆ, ಸ್ಟ್ರೆಚರಿನ ಒಂದು ಚಕ್ರ ಎಡಕ್ಕೆ ಎಳೆಯುತ್ತಿದೆ, ತಳ್ಳುವವನು ಮತ್ತೆ ಮತ್ತೆ ನೆಟ್ಟಗೆ ಮಾಡುತ್ತಾನೆ — ನೀವು ಹೂವಿನ ಹಾಗಿದ್ದೀರಿ ಬಿಡಿ ಅಕ್ಕ, ಕೆಲವರನ್ನ ತಳ್ಳೋಷ್ಟರಲ್ಲಿ ನಮ್ಮ ಸೊಂಟಾನೇ ಬಿದ್ದುಹೋಗುತ್ತೆ — ಹೂವಂತೆ, ಅವಳಿಗೆ ಖುಷಿಯಾಯಿತು, ನಾಚಿಕೆಗೆಟ್ಟ ಖುಷಿ, ಕಲ್ಲು ತುಂಬಿದ ಪಿತ್ತಕೋಶವನ್ನು ತೆಗೆಸಿಕೊಳ್ಳಲು ಹೊರಟವಳಿಗೆ ಹೂವು ಅನ್ನಿಸಿಕೊಳ್ಳುವ ಆಸೆ, ಸುಡುಗಾಡಿಗೆ ಹೊರುವವರೂ ಹಗುರ ಇದ್ದಾಳೆ ಅಂದರೆ ಎದ್ದು ಕೂತು ಥ್ಯಾಂಕ್ಸ್ ಹೇಳುತ್ತಾಳೋ ಏನೋ, ಮತ್ತೆ ಒಂದು ಟ್ಯೂಬ್‌ಲೈಟು, ಮತ್ತೆ ತೇಗು. ಬ್ರೆಡ್ಡಿನ ತೇಗು. ನಿನ್ನೆ ಸಂಜೆ ಬಲವಂತಕ್ಕೆ ತಿಂದ ಎರಡು ಚೂರು ಬ್ರೆಡ್ಡು, ಅದಾದ ಮೇಲೆ ತೊಟ್ಟು ನೀರೂ ಕುಡಿದಿಲ್ಲ, ರಾತ್ರಿ ಕಳೆದು ಬೆಳಗಾಗಿದೆ, ಇಷ್ಟು ಹೊತ್ತಿಗೆ ಯಾರ ಹೊಟ್ಟೆಯಾದರೂ ಖಾಲಿ ಕೊಡವಾಗಿರಬೇಕು, ಆದರೆ ಆ ಬ್ರೆಡ್ಡು ಇನ್ನೂ ಇಲ್ಲೇ ಇದೆ, ಹುಳಿಯಾಗಿ ಗಂಟಲ ತನಕ ಬಂದು ಇಣುಕಿ ಹೋಗುತ್ತಿದೆ, ಮತ್ತು ಅದು ಯಾಕೆ ಇಲ್ಲೇ ಇದೆ ಎಂದು ಈ ಕಟ್ಟಡದಲ್ಲಿ ಗೊತ್ತಿರುವುದು ಅವಳೊಬ್ಬಳಿಗೇ.

ಪಕ್ಕದಲ್ಲೇ ನಾದಿನಿ ನಡೆಯುತ್ತಿದ್ದಾಳೆ, ಗಂಡನ ತಂಗಿ, ಇದೇ ಆಸ್ಪತ್ರೆಯ ಆಪರೇಷನ್ ಥಿಯೇಟರಿನ ನರ್ಸು, ಬೆಡ್ ಕೊಡಿಸಿದವಳು ಅವಳೇ, ಒಳ್ಳೆಯ ಸರ್ಜನ್ನನ್ನು ಹಿಡಿದವಳು ಅವಳೇ, ರಾತ್ರಿಯೆಲ್ಲ ಕುರ್ಚಿಯ ಮೇಲೆ ಕೂತು ಹಣೆ ಸವರಿದವಳೂ ಅವಳೇ, ಕೆಟ್ಟವಳು ಅನ್ನುವ ಹಾಗಿಲ್ಲ, ಕೆಟ್ಟವಳಾಗಿದ್ದರೆ ಎಷ್ಟು ಸಲೀಸಾಗಿರುತ್ತಿತ್ತು, ಬೆಳಿಗ್ಗೆ ಅರಿವಳಿಕೆ ಕೊಡುವ ಡಾಕ್ಟರು ಮಂಚದ ಹತ್ತಿರ ಬಂದು ಬಿಪಿ ಇದೆಯಾ, ಶುಗರ್ ಇದೆಯಾ, ದಿನಾ ತಗೊಳ್ಳೋ ಮಾತ್ರೆ, ಇಂಜೆಕ್ಷನ್ ಏನಾದ್ರೂ ಇದೆಯಾ ಎಂದು ಕೇಳಿದಾಗ ಅವಳು ಬಾಯಿ ತೆರೆಯುವ ಮೊದಲೇ ನಾದಿನಿ, ಏನೂ ಇಲ್ಲ ಡಾಕ್ಟ್ರೆ, ನಮ್ಮತ್ತಿಗೆ ಒಂದು ತಲೆನೋವಿನ ಮಾತ್ರೆನೂ ನುಂಗಲ್ಲ, ಮೊದಲು ಎಷ್ಟಿದ್ರು ಗೊತ್ತಾ, ಬರೀ ನಡೆದೂ ನಡೆದೂ ಇಷ್ಟಾಗಿದ್ದಾರೆ, ಡಾಕ್ಟರು ಮೆಚ್ಚಿಗೆಯಿಂದ ತಲೆದೂಗಿದರು, ಅವಳೂ ನಕ್ಕಳು, ಬಾಯಿಗೆ ಬಂದದ್ದು ನಗು, ಅದೇ ಹೊತ್ತಿಗೆ ಒಂದು ಮಾತು ಬಂದಿದ್ದರೆ ಆಗುತ್ತಿತ್ತು, ಬರಲಿಲ್ಲ. ಬಿಸಿತುಪ್ಪ. ನುಂಗಲೂ ಆಗದು, ಉಗುಳಲೂ ಆಗದು.

ನಡೆದೂ ನಡೆದೂ, ಹೌದು, ನಡೆದದ್ದೇನೂ ಸುಳ್ಳಲ್ಲ, ವರ್ಷಗಟ್ಟಲೆ ನಡೆದಿದ್ದಾಳೆ, ಬೆಳಗಾಗುವ ಮೊದಲು, ಕೆಲಸದಿಂದ ಬಂದ ಮೇಲೆ, ಚಪ್ಪಲಿ ಸವೆಯಿತು, ಮಂಡಿ ಸವೆಯಿತು, ಮೈ ಮಾತ್ರ ಹಟ ಹಿಡಿದ ಮಗುವಿನ ಹಾಗೆ ಅಲ್ಲೇ ಕೂತಿತು, ಆಗ ಯಾರೂ ಅವಳ ನಡಿಗೆಯ ಸುದ್ದಿ ಎತ್ತಲಿಲ್ಲ, ಆಗ ಅವಳ ಹೆಸರು ಮೂಟೆ, ಸ್ಕೂಲಿನಲ್ಲಿ ಇಟ್ಟ ಹೆಸರು ಕರೆಂಟ್ ಬಿಲ್ ಕಟ್ಟಿಸಿಕೊಳ್ಳುವ ಆಫೀಸಿನ ತನಕ ಹಿಂದೆಯೇ ಬಂದಿತ್ತು, ಕೌಂಟರಿನ ಗಾಜಿನ ಆಚೆ ನಿಂತವರು ಚಿಲ್ಲರೆ ಎಣಿಸಿಕೊಳ್ಳುತ್ತ, ಮೇಡಂ ನೀವು ಫ್ಯಾನಿಗೆ ಅಡ್ಡ ಕೂತರೆ ಆಕಡೆಯವರಿಗೆ ಗಾಳಿ ಎಲ್ಲಿಂದ ಬರಬೇಕು, ಎಲ್ಲರೂ ನಗುತ್ತಾರೆ, ಅವಳೂ ನಗುತ್ತಾಳೆ, ದಪ್ಪಗಿದ್ದವರಿಗೆ ಸಿಟ್ಟು ಬರಬಾರದು ಎಂದು ಯಾರೋ ಕಾನೂನು ಮಾಡಿಟ್ಟಿದ್ದಾರೆ, ಬಟ್ಟೆಯಂಗಡಿಯ ಹುಡುಗಿ, ನಿಮ್ಮ ಸೈಜು ಇಲ್ಲಿ ಬರಲ್ಲ ಆಂಟಿ, ಅತ್ತೆಯಂತೂ ಸಾರಿಗೆ ಉಪ್ಪು ಹಾಕುವಷ್ಟು ಸಹಜವಾಗಿ, ಇನ್ನೊಂದು ಸಲ ಬಡಿಸಬೇಡಿ ಅವಳಿಗೆ. ಕೊನೆಗೆ ಊರಿನ ಇನ್ನೊಂದು ತುದಿಯಲ್ಲಿ, ಗುರುತಿನವರು ಯಾರೂ ಸುಳಿಯದ ಓಣಿಯಲ್ಲಿ, ಆ ವಯಸ್ಸಾದ ಡಾಕ್ಟರಮ್ಮ — ಅವಳ ಜೀವಮಾನದಲ್ಲಿ ಅವಳನ್ನು ಬೈಯದ ಮೊದಲ ಡಾಕ್ಟರು — ಇದು ನಿಮ್ಮ ಸೋಮಾರಿತನ ಅಲ್ಲಮ್ಮ, ಇದೊಂದು ಕಾಯಿಲೆ, ಕಾಯಿಲೆಗೆ ಔಷಧಿ ಇದೆ, ವಾರಕ್ಕೊಂದು ಸಲ ಹೊಟ್ಟೆಯ ಮೇಲೆ ಚುಚ್ಚಿಕೊಳ್ಳಿ, ಅಂದರು, ಅವಳು ಅಲ್ಲೇ ಅತ್ತುಬಿಟ್ಟಳು, ಅತ್ತದ್ದು ಔಷಧಿಗಲ್ಲ, ಸೋಮಾರಿತನ ಅಲ್ಲಮ್ಮ ಎಂಬ ಮಾತಿಗೆ. ಹೊರಡುವಾಗ ಬಾಗಿಲ ತನಕ ಬಂದು ಅವರು ಹೇಳಿದ್ದೂ ನೆನಪಿದೆ, ಈಗ ಬೇಡವೆಂದರೂ ನೆನಪಾಗುತ್ತದೆ, ಎಲ್ಲಾದರೂ ಆಪರೇಷನ್ ಅಂತ ಬಂದ್ರೆ ಮೊದಲು ಈ ಔಷಧಿ ವಿಷಯ ಹೇಳಿ, ಇದು ಹೊಟ್ಟೆ ಖಾಲಿಯಾಗೋದನ್ನ ನಿಧಾನ ಮಾಡುತ್ತೆ, ಉಪವಾಸ ಇದ್ದರೂ ಒಳಗೆ ಅನ್ನ ಉಳಿದಿರುತ್ತೆ, ಅರಿವಳಿಕೆ ಕೊಟ್ಟಾಗ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ, ಮರೀಬೇಡಿ. ಮರೆತಿಲ್ಲ ಡಾಕ್ಟರಮ್ಮ. ಮೊನ್ನೆ ಭಾನುವಾರ ಚುಚ್ಚಿಕೊಂಡದ್ದೂ ಮರೆತಿಲ್ಲ.

ಫ್ರಿಜ್ಜಿನಲ್ಲಿ ಆ ಇಂಜೆಕ್ಷನ್ನಿನ ಪೆನ್ನು ಇರುವುದು ಮೂಲವ್ಯಾಧಿ ಮುಲಾಮಿನ ರಟ್ಟಿನ ಡಬ್ಬಿಯೊಳಗೆ, ಆ ಡಬ್ಬಿಯನ್ನು ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ, ಅತ್ತೆ ಒಂದು ದಿನ ಮೆಲ್ಲಗೆ, ಪಾಪ ಕೂರೋಕೆ ಕಷ್ಟಾನಾ ಎಂದು ಮೆತ್ತನೆ ದಿಂಬು ತಂದುಕೊಟ್ಟರು, ಮೂಲವ್ಯಾಧಿಗೂ ಈ ಮನೆಯಲ್ಲಿ ಒಂದು ಮರ್ಯಾದೆ ಇದೆ, ದಿಂಬು ಇದೆ, ಬೊಜ್ಜಿಗೆ ಇಲ್ಲ. ಹೇಳಬಹುದಿತ್ತು ಮೊದಲೇ, ಹೇಳಬೇಕು ಅಂದುಕೊಂಡ ದಿನವೇ ಊಟದ ಮೇಜಿನಲ್ಲಿ ನಾದಿನಿ ಶುರು ಮಾಡಿದಳು, ಹೆಸರು ಹೇಳಲ್ಲಪ್ಪ, ನಮಗೆ ಪೇಷಂಟ್ ಗುಟ್ಟು ಹೇಳೋ ಹಾಗಿಲ್ಲ, ಆ ಮೂಲೆ ಮನೆ ಟೀಚರಮ್ಮ ಇದ್ದಾರಲ್ಲ, ಹಸಿರು ಗೇಟು, ಅವರು ಡಯಟ್ಟೂ ಇಲ್ಲ ಗಿಯಟ್ಟೂ ಇಲ್ಲ, ಸೂಜಿ ಚುಚ್ಚಿಸಿಕೊಂಡು ಕರಗಿರೋದು — ಹೆಸರೊಂದು ಬಿಟ್ಟು ಗೇಟಿನ ಬಣ್ಣದ ತನಕ ಹೇಳುವ ಗುಟ್ಟು — ಗಂಡ, ಥೂ ಅದೇನು ಸಾಧನೆ, ಕಾಪಿ ಹೊಡೆದು ಪಾಸಾದ ಹಾಗೆ, ಅತ್ತೆ, ಬಾಯಿ ಕಟ್ಟೋಕಾಗದವರು ಹೊಟ್ಟೆಗೆ ಸೂಜಿ ಹಾಕ್ತಾರೆ, ಎಲ್ಲರೂ ನಕ್ಕರು, ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳು, ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಆ ಟೀಚರಮ್ಮ ಈಗ ಎದುರು ಸಿಕ್ಕರೆ ಬೀದಿಯವರೆಲ್ಲ ಅವರ ಹೊಟ್ಟೆ ನೋಡುತ್ತಾರೆ, ಮುಖ ನೋಡುವುದಿಲ್ಲ. ಅದೇ ಗಂಡ ಅವಳನ್ನು ಎಲ್ಲರ ಮುಂದೆ ನಿಲ್ಲಿಸಿ, ಮನಸ್ಸು ಗಟ್ಟಿ ಇದ್ದರೆ ಏನು ಬೇಕಾದರೂ ಆಗುತ್ತೆ, ನನ್ನ ಹೆಂಡ್ತೀನ ನೋಡಿ, ಅಂದಿದ್ದ, ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಸಲ ನನ್ನ ಹೆಂಡ್ತಿ ಎಂದು ಅವನು ದೊಡ್ಡ ದನಿಯಲ್ಲಿ ಹೇಳಿದ್ದು, ಆ ದನಿಯ ರುಚಿ ಹತ್ತಿತ್ತು ಅವಳಿಗೆ, ಊಟದ ರುಚಿ ಹೋದ ನಾಲಿಗೆಗೆ ಅದೊಂದೇ ಉಳಿದದ್ದು.

ಥಿಯೇಟರಿನ ಬಾಗಿಲ ಬಳಿ ಗಂಡ, ಹೆದರಬೇಡ ಕಣೇ, ಅಷ್ಟು ನಡೆದವಳು ನೀನು, ಇದೇನು ಮಹಾ, ಅವನ ಅಂಗೈ ಬೆವೆತಿದೆ, ನಿಜವಾಗಿಯೂ ಹೆದರಿದ್ದಾನೆ, ಈಗ ಹೇಳಲೇ, ಇವನ ಕಿವಿಯಲ್ಲಿ, ಅಷ್ಟರಲ್ಲಿ ಚಕ್ರ ಹೊಸ್ತಿಲು ದಾಟಿತು. ನೀನು ಹೊರಗೆ ಅಣ್ಣನ ಜೊತೆ ಇರಮ್ಮ, ಅವನೊಬ್ಬನೇ ಇದ್ದಾನೆ, ಎಂದಳು ನಾದಿನಿಗೆ, ಡಾಕ್ಟರಿಗೆ ಒಂದು ಮಾತು ಹೇಳಲು ಒಂದೇ ಒಂದು ನಿಮಿಷ ಬೇಕಿತ್ತು, ಅಯ್ಯೋ ಅತ್ತಿಗೆ, ನಿಮ್ಮನ್ನ ಬಿಟ್ಟು ಹೋಗ್ತೀನಾ, ಕೇಳ್ಕೊಂಡು ಡ್ಯೂಟಿ ಹಾಕಿಸ್ಕೊಂಡಿದ್ದೀನಿ, ಅಂದಳು, ನೀಲಿ ಮುಖಗವಸು ಏರಿಸಿ ಕಟ್ಟಿಕೊಂಡಳು, ಈಗ ನಾದಿನಿ ಎಂದರೆ ಎರಡು ಕಣ್ಣು, ಕಣ್ಣ ತುದಿಯಲ್ಲಿ ನಗುವಾಗ ಮೂಡುವ ನೆರಿಗೆ. ಚಳಿ, ಇಲ್ಲಿ ಯಾಕಿಷ್ಟು ಚಳಿ, ಮೇಲೆ ದೊಡ್ಡ ದೀಪ, ಎದೆಗೆ ಏನೇನೋ ಅಂಟಿಸುತ್ತಿದ್ದಾರೆ, ಅರಿವಳಿಕೆ ಡಾಕ್ಟರು ಬಗ್ಗಿ, ಕೊನೇ ಸಲ ಕೇಳ್ತೀನಮ್ಮ, ಯಾವುದಾದ್ರೂ ಔಷಧಿ, ಇಂಜೆಕ್ಷನ್, ನಾದಿನಿಯ ಕಣ್ಣುಗಳು ಅವಳನ್ನೇ ನೋಡಿದವು, ದನಿ ಬಟ್ಟೆಯೊಳಗಿಂದ, ಬೇರೆ ಯಾವ ಇಂಜೆಕ್ಷನ್ನೂ ಇಲ್ಲ ಡಾಕ್ಟ್ರೆ, ನಾನು ಹೇಳಿದ್ನಲ್ಲ — ಪ್ರಾಣ ಹೋದರೂ ಮಾನ ಹೋಗಬಾರದು, ಯಾವ ಪುಣ್ಯಾತ್ಮ ಕಟ್ಟಿದ ಗಾದೆಯೋ, ಅವನ ಹೊಟ್ಟೆ ಖಾಲಿ ಇದ್ದಿರಬೇಕು — ಆಕ್ಸಿಜನ್ ಮಾಸ್ಕು ಮೂಗಿನ ಮೇಲೆ ಬಂತು, ಪ್ಲಾಸ್ಟಿಕ್ಕಿನ ವಾಸನೆ, ಉದ್ದಕ್ಕೆ ಉಸಿರೆಳೆಯಿರಿ, ಎಳೆದಳು, ತೇಗು ಬಂತು, ಹುಳಿ, ಬ್ರೆಡ್ಡು, ಗಂಟಲು ಉರಿಯಿತು, ಸತ್ತರೆ ಹೂವಿನಂಥ ಹೆಂಡತಿ, ನಡೆದು ಕರಗಿದ ಮಹಾತಾಯಿ, ಯಾರಿಗೂ ಗೊತ್ತಾಗುವುದಿಲ್ಲ, ಗೊತ್ತಾಗದೇ ಇರುವುದಕ್ಕೆ ಇಷ್ಟು ಬೆಲೆಯೇ, ನಾನು ಸಾಯಬೇಕೇ, ಇವರ ಊಟದ ಮೇಜಿಗಾಗಿ ನಾನು ಸಾಯಬೇಕೇ, ಕೈ ತಾನಾಗಿ ಮೇಲೆದ್ದು ಮಾಸ್ಕು ಕಿತ್ತಿತು. ಇದೆ ಡಾಕ್ಟ್ರೆ. ಇಂಜೆಕ್ಷನ್ ಇದೆ. ತೂಕ ಇಳಿಯೋಕೆ. ಭಾನುವಾರ ತಗೊಂಡೆ.

ಡಾಕ್ಟರು ಬೈಯಲಿಲ್ಲ, ಸಿರಿಂಜನ್ನು ಕೆಳಗಿಟ್ಟರು, ಹೇಳಿದ್ದು ಒಳ್ಳೇದಾಯ್ತು ತಾಯಿ, ಇವತ್ತು ಬೇಡ, ಮುಂದಕ್ಕೆ ಹಾಕೋಣ, ಇಷ್ಟೇ, ಇಷ್ಟು ಸಣ್ಣ ಮಾತಾಗಿತ್ತು ಅದು, ಅವಳು ತಲೆ ಹೊರಳಿಸಿದಳು, ನಾದಿನಿಯ ಕಣ್ಣುಗಳು ಅಲ್ಲೇ ಇದ್ದವು, ಮೊದಲು ಅಗಲವಾದವು, ಆಮೇಲೆ ಚಿಕ್ಕದಾದವು, ತುದಿಯಲ್ಲಿ ನೆರಿಗೆ ಒಂದೊಂದಾಗಿ ಮೂಡಿತು, ನಾನು ಅಣ್ಣಂಗೆ ಹೇಳಿ ಬರ್ತೀನಿ ಅತ್ತಿಗೆ, ನೀವು ಟೆನ್ಷನ್ ಮಾಡ್ಕೋಬೇಡಿ, ಚಪ್ಪಲಿಯ ಸದ್ದು ಪಟಪಟ, ನಿಲ್ಲು ನಾನೇ ಹೇಳುತ್ತೇನೆ, ಎಂದಳೋ ಅಂದುಕೊಂಡಳೋ, ಮತ್ತೆ ಸ್ಟ್ರೆಚರು, ಈ ಸಲ ಚಕ್ರ ಎಷ್ಟು ನಿಧಾನ, ತಳ್ಳುವವನು ಹೂವಿನ ಮಾತೆತ್ತಲಿಲ್ಲ, ಬಾಗಿಲು ತೆರೆಯಿತು. ಗಂಡ ನಿಂತಿದ್ದಾನೆ, ಹತ್ತಿರ ಬರಲಿಲ್ಲ, ಹೊದಿಕೆಯ ಮೇಲೆ ಅವನ ದೃಷ್ಟಿ ಕುತ್ತಿಗೆಯಿಂದ ಕೆಳಗೆ ಇಳಿಯಿತು, ಅಲ್ಲೇ ನಿಂತಿತು, ಅಂದ್ರೆ ಇದು, ಅಂದ್ರೆ ನೀನು ನಡೆದು ಇಳಿಸಿದ್ದಲ್ವಾ? — ಜೀವ ಉಳಿಯಿತಾ ಅಂತಲ್ಲ, ನೋವಿದೆಯಾ ಅಂತಲ್ಲ, ನಡೆದದ್ದಲ್ಲವಾ ಅಂತೆ, ನಡೆದೆ ಕಣೋ ನಾನು ನಡೆದೆ, ಯಾರೂ ನೋಡದಿದ್ದಾಗ ನಡೆದೆ, ಹೇಳಲು ಬಾಯಿ ತೆರೆದಳು, ಅವನ ಹೆಗಲ ಹಿಂದೆ ನಾದಿನಿ, ಹೊರಗೆ ಬಂದ ಮೇಲೂ ಮುಖಗವಸು ತೆಗೆದಿಲ್ಲ, ನೀಲಿ ಬಟ್ಟೆ, ಅದರ ಮೇಲೆ ಎರಡು ಕಣ್ಣು, ಕಣ್ಣ ತುದಿಯಲ್ಲಿ ನೆರಿಗೆ, ಆ ನೆರಿಗೆ, ನೆರಿಗೆ