ಸಿಮೆಂಟಿನ ಗಾಲಿಗಳು

ನಮ್ಮ ಮಗ ಜಿನೇಂದ್ರ ತೀರಿಕೊಂಡ ಮೇಲೆ ಮೊಮ್ಮಗಳು ಬ್ರಾಹ್ಮಿಯನ್ನು ಖಾನಾಪುರದಿಂದ ಬೆಳಗಾವಿಯ ವ್ಯಾಯಾಮಶಾಲೆಗೆ ಕರೆದೊಯ್ಯುವವರು ಯಾರೂ ಉಳಿಯಲಿಲ್ಲ. ಅಪ್ಪನ ಮೋಟರ್ ಸೈಕಲ್ಲಿನ ಹಿಂದೆ ಕುಳಿತು ಹೋಗಿಯೇ ಅವಳು ಭಾರ ಎತ್ತುವುದನ್ನು ಕಲಿತಿದ್ದಳು. ದೀಪಾವಳಿ ಕಳೆದ ಮೇಲೆ ಜಿಲ್ಲಾ ತಂಡದ ಆಯ್ಕೆ ಇತ್ತು. ವಯಸ್ಸಿನ ಮಿತಿಯಿಂದಾಗಿ ಅವಳಿಗೆ ಅದೇ ಕೊನೆಯದು.

"ಅಪ್ಪಗ ಮಾತು ಕೊಟ್ಟೀನಿ, ಅಜ್ಜಿ" ಎಂದಳು. ಅಭ್ಯಾಸದ ಸಾಮಾನುಗಳನ್ನು ಮನೆಯಲ್ಲೇ ಮಾಡಿಕೊಳ್ಳುವುದೆಂದಾಯಿತು.

ಹಿತ್ತಲಲ್ಲಿ ಬಿದ್ದಿದ್ದ ನೀರಿನ ಪೈಪೇ ಭಾರ ಎತ್ತುವ ಸರಳಾಯಿತು. ಅದರ ಎರಡು ತುದಿಗೆ ಏರಿಸುವ ಭಾರದ ಗಾಲಿಗಳಿಗೆ ಪ್ಲಾಸ್ಟಿಕ್ ಬೋಗುಣಿಗಳೇ ಅಚ್ಚು; ಒಳಗಡೆ ಎಣ್ಣೆ ಸವರಿ, ನಡುವೆ ತೂತಿಗೆಂದು ಪೈಪಿನ ತುಂಡು ನಿಲ್ಲಿಸಿ, ಸುತ್ತ ಸಿಮೆಂಟು, ಉಸುಕು, ಜಲ್ಲಿ ಕಲಸಿ ತುಂಬಬೇಕು. ನಮ್ಮ ಯಜಮಾನರು ಬಾಪುಸಾಹೇಬರು ಉಸುಕನ್ನು ಹಿಡಿಹಿಡಿಯಾಗಿ ಜರಡಿಗೆ ಹಾಕಿದರು. ನಾವು ಜೈನರು, ಅದೂ ಚಾತುರ್ಮಾಸದ ದಿನಗಳು; ಒಂದು ಇರುವೆಯೂ ಸಾಯಬಾರದು.

"ಅಜ್ಜಾ, ಇರುವಿಗೊಂದು ಮನಿ ಕಟ್ಟಿಸಿಕೊಟ್ಟ ಬರ್ರಿ. ಅಷ್ಟರಾಗ ನಾನೂ ಮುದುಕಿ ಆಗಿರ್ತೀನಿ."

"ಆಗವಾ. ನಿಮ್ಮಜ್ಜಿಗೆ ಜೋಡಿ ಆಗ್ತಿ."

ಜಿನೇಂದ್ರ ಹೋದ ಮೇಲೆ ನಮ್ಮ ಮನೆಯಲ್ಲಿ ಕೇಳಿದ ಮೊದಲ ನಗು ಅದು.

ಗಟ್ಟಿಯಾದ ಗಾಲಿಗಳನ್ನು ಬೋಗುಣಿಯಿಂದ ತೆಗೆದು ತೊಟ್ಟಿಯ ನೀರಿನಲ್ಲಿ ಮುಳುಗಿಸಿದಳು. "ಕೆಲವು ವಾರ ಹಿಂಗ ಮುಳುಗಿರಬೇಕ್ರಿ ಅಜ್ಜಾ. ಸಿಮೆಂಟ್ ನೀರು ಕುಡದಷ್ಟೂ ಗಟ್ಟಿ" ಎಂದು ಹೇಳಿ ಕಾಲೇಜಿಗೆ ಹೋದಳು.

ನಿಂತ ನೀರಿನಲ್ಲಿ ಜೀವ ಹುಟ್ಟುತ್ತದೆ. ಆಮೇಲೆ ಅದನ್ನು ಚೆಲ್ಲಿದರೆ ಹಿಂಸೆ. ಯಜಮಾನರು ಪ್ರತಿ ಸಂಜೆ ಹೊತ್ತು ಮುಳುಗುವ ಮೊದಲೇ ತೊಟ್ಟಿ ಬರಿದು ಮಾಡಿ ಒರೆಸುತ್ತಿದ್ದರು. ಬೆಳಿಗ್ಗೆ ಸೋಸಿದ ನೀರನ್ನು ಒಂದು ತಂಬಿಗೆ ಗಾಲಿಗಳ ಮೇಲೆ ಸುರಿಯುತ್ತಿದ್ದರು. ಅಷ್ಟು ಸಾಕೆಂದು ಅವರು ತಿಳಿದಿದ್ದರು. ನಾನೂ ಹಾಗೆಯೇ ತಿಳಿದಿದ್ದೆ. ನೀರು ನೋಡಿಕೊಳ್ಳುವ ಕೆಲಸವನ್ನು ಅಜ್ಜನಿಗೆ ಬಿಟ್ಟಿದ್ದ ಬ್ರಾಹ್ಮಿ ತೊಟ್ಟಿಯ ಕಡೆ ಬರಲೇ ಇಲ್ಲ.

ನವರಾತ್ರಿಯಲ್ಲಿ ಬ್ರಾಹ್ಮಿ ಸರಳಿಗೆ ಗಾಲಿ ಏರಿಸಿದಳು. ಭಾರ ತಲೆಯ ಮೇಲಕ್ಕೆ ಹೋಯಿತು. "ನೋಡ್ರಿ ಅಜ್ಜಾ!" ಎನ್ನುವಷ್ಟರಲ್ಲಿ ಎಡಗಡೆಯ ಗಾಲಿ ಒಡೆದು ಉದುರಿತು. ಇನ್ನೊಂದು ಬದಿಯ ಭಾರಕ್ಕೆ ಸರಳು ವಾಲಿ ಅವಳ ಬಲ ಮಣಿಕಟ್ಟನ್ನು ಹಿಂದಕ್ಕೆ ಮಡಚಿ ಮುರಿಯಿತು. ನೆಲದ ಮೇಲೆ ಬಿದ್ದ ಚೂರನ್ನು ನಾನು ಎತ್ತಿಕೊಂಡೆ. ಬೆರಳಿನಲ್ಲಿ ಹಿಸುಕಿದರೆ ಹಿಟ್ಟಿನ ಹಾಗೆ ಉದುರುತ್ತಿತ್ತು; ತಂಬಿಗೆ ನೀರು ಸಾಲದೆ ಸಿಮೆಂಟು ಗಟ್ಟಿಯಾಗಿರಲೇ ಇಲ್ಲ.

ಬೆಳಗಾವಿಯ ನೆಹರು ನಗರದ ಆಸ್ಪತ್ರೆಯಲ್ಲಿ ಡಾಕ್ಟರು ಒಳ್ಳೆಯ ಮಾತಿನಲ್ಲೇ ಹೇಳಿದರು: "ಉಣ್ಣಾಕ, ಬರಿಯಾಕ ಕೈ ಬರ್ತದ್ರಿ. ಭಾರ ಎತ್ತೂದು ಮಾತ್ರ ಮರತಬಿಡ್ರಿ."

ಬ್ರಾಹ್ಮಿ ಅಜ್ಜನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಆಯ್ಕೆಯ ದಿನ ಬಂದು ಹೋಯಿತು. ಅಂದು ಯಜಮಾನರು ತೊಟ್ಟಿಗೆ ನೀರು ಸೋಸಿ ತುಂಬಿ, ಉಳಿದ ಗಾಲಿಯನ್ನು ಅದರಲ್ಲಿ ಮುಳುಗಿಸಿಟ್ಟರು. ಸಂಜೆಯಾದರೂ ನೀರು ಚೆಲ್ಲಲಿಲ್ಲ.

"ಈಗ್ಯಾಕ್ರೀ? ಎತ್ತಾವರು ಯಾರದಾರ?" ಎಂದೆ.

"ಇರಲಿ ಬಿಡ, ಶಾಂತಾ."

ವಾರ ಕಳೆದ ಮೇಲೆ ನೋಡಿದರೆ ನೀರಿನ ತುಂಬ ಸಣ್ಣ ಹುಳುಗಳು ಕೊಂಕುತ್ತ ಆಡುತ್ತಿದ್ದವು. ಬ್ರಾಹ್ಮಿ ಪಟ್ಟಿ ಕಟ್ಟಿದ ಕೈಯನ್ನು ಎದೆಗೆ ಹಿಡಿದುಕೊಂಡು ಬಂದು ಬಗ್ಗಿ ನೋಡಿದಳು.

"ಚೆಲ್ಲಬ್ಯಾಡ್ರಿ ಅಜ್ಜಾ. ಅವಾದ್ರೂ ಬದುಕಲಿ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಇಟ್ಟರೆ ಇನ್ನಷ್ಟು ಹುಟ್ಟುತ್ತವೆ, ಚೆಲ್ಲಿದರೆ ಇದ್ದವು ಸಾಯುತ್ತವೆ. ಯಜಮಾನರು ನೀರು ಸೋಸುವ ಅರಿವೆಯನ್ನು ಕೈಯಲ್ಲಿ ಹಿಡಿದುಕೊಂಡು ತೊಟ್ಟಿಯ ಮುಂದೆ ನಿಂತೇ ಇದ್ದರು.